ಅಜ್ಜಿಯ ಒಪ್ಪಿಗೆ

ವೈದ್ಯಕೀಯ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. ವಾರ್ಡಿನ ಮಂಚದ ಮೇಲೆ ಹೊಟ್ಟೆನೋವಿನ ಅಜ್ಜಿ, ಪಕ್ಕದಲ್ಲಿ ಅಂಕಪಟ್ಟಿ ಹಿಡಿದ ಪ್ರೊಫೆಸರು. ವರ್ಷವಿಡೀ ವೈದ್ಯಕೀಯ ನೀತಿಯ ಪಾಠ ಮಾಡಿ, ‘ರೋಗಿ ಒಪ್ಪದೆ ಬೆರಳೂ ತಾಗಿಸಬಾರದು’ ಎಂದು ನೋಟ್ಸ್ ಬರೆಸಿದವರು ಅವರೇ.

ಹನ್ನೆರಡನೆಯ ವಿದ್ಯಾರ್ಥಿನಿ ನಮಸ್ಕರಿಸಿ, ತನ್ನ ಹೆಸರು ಹೇಳಿಕೊಂಡು ಕೇಳಿದಳು: “ಅಜ್ಜಿ, ನಿಮ್ಮ ಹೊಟ್ಟೆ ಒತ್ತಿ ನೋಡ್ಲಾ?”

“ಬ್ಯಾಡ ಕಣವ್ವ. ಬೆಳಗ್ಗಿಂದ ಹನ್ನೊಂದು ಜನ ಒತ್ತವ್ರೆ. ನೋವು ತಡಿಯಾಕಾಗ್ತಿಲ್ಲ.”

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅಜ್ಜಿಯ ಹೊದಿಕೆ ಸರಿಮಾಡಿದಳು.

“ಯಾಕಮ್ಮಾ ನಿಂತ್ಬಿಟ್ಟೆ? ಒತ್ತು,” ಪ್ರೊಫೆಸರು ಗದರಿದರು.

“ಅಜ್ಜಿ ಬೇಡ ಅಂದ್ರಲ್ಲ ಸರ್.”

“ನಿನ್ನ ಹಿಂದಿನವರಿಗೂ ಬೇಡ ಅಂದ್ರು. ಅವರೆಲ್ಲ ಒತ್ತಿ ಪಾಸಾಗ್ಲಿಲ್ವಾ?”

“ಒಪ್ಪಿಗೆ ಇಲ್ದೆ ಮುಟ್ಟಬಾರದು ಅಂತ ನೀವೇ ಹೇಳಿಕೊಟ್ರಿ ಸರ್.”

ಪ್ರೊಫೆಸರು ಅಂಕಪಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದರು.

“ನೋಡ್ಕೋ. ಒಪ್ಪಿಗೆ ಕೇಳೋದಕ್ಕೆ ಎರಡು ಅಂಕ, ಕೊಟ್ಟಿದೀನಿ. ಹೊಟ್ಟೆ ಒತ್ತೋದಕ್ಕೆ ಎಂಟು. ರೋಗಿ ಏನು ಹೇಳ್ತಾರೆ ಅಂತ ಕೇಳಿಸ್ಕೊಳ್ಳೋದಕ್ಕೆ ಇದರಲ್ಲಿ ಅಂಕ ಎಲ್ಲಿದೆ?”