ಜಲಜಮ್ಮನ ಪಂಪು

“ಆ ಪಂಪು ನನ್ನ ಜಗಲಿ ಹತ್ತಿತೋ, ನಾನು ಇಳಿದು ಹೋಗ್ತೀನಿ!”

ಶೇಷಪ್ಪ ಬಾಗಿಲಿಗೆ ಅಡ್ಡ ನಿಂತು ಸಾಗರದ ಬೀದಿಗೆಲ್ಲ ಕೇಳುವಂತೆ ಕೂಗಿದ. ಸೊಸೆ ಜಲಜಮ್ಮ ತಲೆಯ ಮೇಲಿನ ಪಂಪನ್ನು ಕೆಳಗಿಳಿಸಲಿಲ್ಲ.

“ಇಳೀರಿ ಮಾವ. ಮೆಟ್ಟಿಲು ನೋಡ್ಕಂಡು ಇಳೀರಿ, ಮಂಡಿ ನೋವು ಬ್ಯಾರೆ.”

ಅಕ್ಕಪಕ್ಕದವರು ಒಲೆಯ ಮೇಲಿನ ಅನ್ನ ಬಿಟ್ಟು ಹೊರಗೆ ಬಂದು ನಿಂತರು. ಮುದುಕ ನಿಜಕ್ಕೂ ಇಳಿದ. ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದುರಿನ ಹೋಟೆಲಿನ ಕಟ್ಟೆಯ ಮೇಲೆ ಕೂತ. ಕೂತವನು ಸುಮ್ಮನಿದ್ದನೇ? ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಸೊಸೆಯನ್ನು ಬೈಯತೊಡಗಿದ.

ಕಿಟಕಿ ಗಾಜು ಒರೆಸುವುದು ಆ ಮನೆಯ ಕಸುಬು. ಶರಾವತಿಗೆ ಅಣೆಕಟ್ಟು ಕಟ್ಟುವ ಕಾಲದಲ್ಲಿ ಊರಿಗೆ ಲಾಡ್ಜು ಬಂತು, ಆಫೀಸುಗಳು ಬಂದವು, ಅವಕ್ಕೆಲ್ಲ ಗಾಜಿನ ಕಿಟಕಿಗಳು ಬಂದವು. ಶೇಷಪ್ಪ ಮಗನ ಜೊತೆ ಏಣಿ ಹೊತ್ತು ಹೊರಟ. ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಏಣಿಗೆ ಸೊಸೆ ಹೆಗಲು ಕೊಟ್ಟಳು. ಈಗ ಅಣೆಕಟ್ಟು ಮುಗಿದಿತ್ತು. ಆಫೀಸುಗಳು ಗಂಟುಮೂಟೆ ಕಟ್ಟಿದ್ದವು. ಉಳಿದ ಕಿಟಕಿಗಳಿಂದ ಎರಡು ಹೊಟ್ಟೆ ತುಂಬುವಂತಿರಲಿಲ್ಲ. ಕಸುಬು ನಿಂತರೆ ಜಲಜಮ್ಮ ಹುಂಚದಲ್ಲಿರುವ ಅಣ್ಣನ ಮನೆ ಸೇರಬೇಕು. ಅತ್ತಿಗೆ ಹಾಕಿದ್ದನ್ನು ತಿಂದು ಬಾಯಿ ಮುಚ್ಚಿಕೊಂಡು ಬಿದ್ದಿರಬೇಕು. ಥೂ, ಆ ಬಾಳು ಯಾರಿಗೆ ಬೇಕು!

ಅವಳಿಗೆ ಹೊಳೆದದ್ದು ಪಾಚಿ. ಮಳೆಗಾಲ ಕಳೆದರೆ ಆ ಸೀಮೆಯ ಗೋಡೆಗಳೆಲ್ಲ ಪಾಚಿ ಕಟ್ಟಿ ಕರ್ರಗಾಗುತ್ತಿದ್ದವು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಪಂಪಿನಲ್ಲಿ ಬರೀ ನೀರನ್ನೇ ಜೋರಾಗಿ ಹೊಡೆದರೆ? ಒಬ್ಬರು ಹಿಡಿ ಒತ್ತಿದರೆ ಇನ್ನೊಬ್ಬರು ಕೊಳವೆ ಹಿಡಿದು ಗೋಡೆ ತೊಳೆಯಬಹುದು. ಪಂಪು ರಿಪೇರಿಯ ಕೆರಿಯಪ್ಪನಿಗೆ ಇದನ್ನು ಹೇಳಿದಾಗ ಅವನು ನಕ್ಕುಬಿಟ್ಟ. ರಾತ್ರಿ ಬಡಿಸುತ್ತ ಮಾವನಿಗೂ ಹೇಳಿದಳು. ಅವನು ಕೈ ತೊಳೆದು ಎದ್ದ. ವಾರ ಕಳೆದ ಮೇಲೆ ಕೆರಿಯಪ್ಪ ತಾನೇ ಕರೆದು ಪಂಪು ಕೊಟ್ಟ.

“ಮುಂದಿನ ಮಳೆಗಾಲದ ತನಕ ಇಟ್ಕ. ಕೆಲಸ ಹಿಡೀತಾ, ನಿಂದು. ಹಿಡೀಲಿಲ್ಲಾ, ವಾಪಸ್ ತಂದುಬಿಡು.”

ಅದನ್ನು ಹೊತ್ತು ತಂದ ದಿನವೇ ಮಾವ ಮನೆ ಬಿಟ್ಟಿದ್ದ; ಈಗ ಹಿಡಿ ಒತ್ತುವುದಕ್ಕೆ ಜನ ಬೇಕಿತ್ತು. “ಅವಳ ಪಂಪು ಮುಟ್ಟಿದವನು ನನ್ನ ಕಣ್ಣೆದುರಿಗೆ ಬರಬಾರದು” ಎಂದು ಶೇಷಪ್ಪ ಕಟ್ಟೆಯ ಮೇಲಿಂದ ಸಾರಿದ. ಬೇಲಿಯ ವಿಷಯಕ್ಕೆ ಅವನೊಡನೆ ಜಗಳವಾಡಿ ಮಾತು ಬಿಟ್ಟಿದ್ದ ಭೂತಪ್ಪ ಅದೇ ಸಂಜೆ ಬಂದು ಪಂಪಿನ ಹಿಡಿ ಹಿಡಿದ.

ಅಸಲಿಗೆ ಶೇಷಪ್ಪನೊಡನೆ ಜಗಳವಾಡದವರು ಸುತ್ತಿನ ಮೂರು ತಾಲ್ಲೂಕಿನಲ್ಲೂ ಕಡಿಮೆ. ಎಲುಬಿಲ್ಲದ ನಾಲಿಗೆ, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಮೇಲೂ ಹರಿದಿತ್ತು. ಲಾಡ್ಜಿನ ಮಹಾಗಣಪತಿ ಭಟ್ಟರ ಹಾಸಿಗೆಯಲ್ಲಿ ತಿಗಣೆ ಇದೆಯೆಂದು ಗಿರಾಕಿಗಳೆದುರೇ ಹೇಳಿದ ಮಹಾನುಭಾವ ಅವನು. ಜಲಜಮ್ಮ ಕೆಲಸ ಕೇಳಲು ಹೋಗುವ ಮೊದಲೇ ಅಲ್ಲಿಗೂ ಹೋಗಿ, “ಪಂಪು ಸೇರಿಸಬೇಡಿ” ಎಂದು ಬಂದಿದ್ದ.

“ಎಂತ? ನನ್ನ ಗೋಡೆ ತೊಳೆಯೋಕೆ ಅಂವನ ಅಪ್ಪಣೆಯಾ?” ಭಟ್ಟರು ಕೆಂಪಗಾದರು. “ನಾಳೆನೇ ಬಾ.”

ಹೊಸನಗರದ ಬಟ್ಟೆ ಅಂಗಡಿಯಲ್ಲೂ ಹಾಗೆಯೇ. ಅಳತೆಗೋಲು ಗಿಡ್ಡ ಎಂದು ಸಂತೆಯ ದಿನ ಮಾನ ಕಳೆದವನು ಬೇಡವೆಂದ ಮೇಲೆ ಆ ಅಂಗಡಿಯವನು ಬಿಡುತ್ತಾನೆಯೇ? ಮುಂಗೋಡೆಯ ಜೊತೆ ಹಿಂಗೋಡೆಯನ್ನೂ ತೊಳೆಸಿದ.

ಆದರೂ ಜಲಜಮ್ಮನಿಗೆ ಮಾವನ ಮೇಲಿನ ಸಿಟ್ಟು ಇಳಿಯಲಿಲ್ಲ. ಮಗ ಸತ್ತ ಮನೆಯಲ್ಲಿ ಸೊಸೆ ನಾಲ್ಕು ಕಾಸು ದುಡಿದರೆ ಇವನಿಗೇನು ಕಷ್ಟ? ಎಲ್ಲಿಗೆ ಹೋದರೂ ಮೊದಲೇ ಬಂದಿರುತ್ತಿದ್ದ. ಕಿಟಕಿ ಒರೆಸಲು ಬಾರದ ಮಂಡಿ ಬಸ್ಸು ಹತ್ತಲು ಹೇಗೆ ಬರುತ್ತದೋ! ಭೂತಪ್ಪ ಸಮಾಧಾನ ಹೇಳಿದರೆ ಅವನ ಮೇಲೂ ರೇಗುತ್ತಿದ್ದಳು.

“ಬೈಲಿ ಬಿಡು. ಬೈದೋರ ಬಾಯಿ ನೋಯ್ತದೆ, ನನ್ನ ಕೈ ನಿಲ್ಲಲ್ಲ.”

ತೀರ್ಥಹಳ್ಳಿಯ ಅಕ್ಕಿ ಗಿರಣಿಯಲ್ಲಿ ಮಾತ್ರ ಅವಳ ತಾಳ್ಮೆ ತಪ್ಪಿತು. ಗಿರಣಿಯ ಸಾಹುಕಾರ ಒಂದು ಮೂಲೆ ತೊಳೆದು ತೋರಿಸು, ಆಮೇಲೆ ನೋಡೋಣ ಎಂದಿದ್ದ. ಭೂತಪ್ಪ ಒತ್ತಿದ, ನೀರು ಚಿಮ್ಮಿತು, ಕರಿ ಗೋಡೆಯಿಂದ ಪಾಚಿ ಸಿಪ್ಪೆ ಸಿಪ್ಪೆಯಾಗಿ ಬಿತ್ತು. ಜನ ಸೇರಿದರು. ಜನ ಸೇರಿದಲ್ಲಿ ಶೇಷಪ್ಪ ಇಲ್ಲದಿರುತ್ತಾನೆಯೇ?

“ನಂಬಬೇಡಿ! ಇಂಥ ಗೋಡೆಯನ್ನ ಒಂದೇ ದಿನಕ್ಕೆ ಬೆಳ್ಳಗೆ ಮಾಡ್ತಾಳಂತೆ! ಸುಣ್ಣ ಬಳಿಯೋದೇ ಬ್ಯಾಡವಂತೆ! ಗಂಡಸರ ಕೈಲಿ ಆಗದ್ದು ಈ ಹೆಂಗಸಿನ ಕೈಲಿ ಆಗ್ತದಾ?”

ಜಲಜಮ್ಮ ಕೊಳವೆಯನ್ನು ಗೋಡೆಯಿಂದ ತಿರುಗಿಸಿ ಮಾವನ ಎದೆಗೇ ಹಿಡಿದಳು.

ಮುದುಕ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕುಕ್ಕರಿಸಿದ. ಜನ ಹೋ ಎಂದು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಅವನು ಮೈ ಒರೆಸಿಕೊಳ್ಳಲೂ ಇಲ್ಲ, ಕೂತಲ್ಲಿಂದಲೇ ಅರಚಿದ: “ನೋಡಿದ್ರಾ ರಭಸಾನ! ಆಳನ್ನೇ ಬೀಳಿಸ್ತದೆ, ಇನ್ನು ಪಾಚಿ ಉಳೀತದಾ?”

ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಗುತ್ತ, ಇಡೀ ಗಿರಣಿ ತೊಳೆಯಲು ಹೇಳಿದ; ವರ್ಷವರ್ಷವೂ ಬಾ ಎಂದ. ಸುತ್ತ ನಿಂತವರಲ್ಲಿ ಇನ್ನೂ ಐದಾರು ಮನೆಯವರು ಕರೆದರು. ಜಲಜಮ್ಮನ ಜೀವಕ್ಕೆ ತಂಪಾಯಿತು. ಹುಂಚದ ಅತ್ತಿಗೆಯ ಮುಖ ಇನ್ನು ನೋಡಬೇಕಿಲ್ಲ. ಮಾವ ಒದ್ದೆ ಪಂಚೆಯಲ್ಲೇ ಬಸ್ಸು ಹತ್ತಿದ್ದನ್ನು ಕಂಡೂ ಕಾಣದವಳಂತೆ ಕೆಲಸ ಮುಂದುವರಿಸಿದಳು.

ಸಾಗರಕ್ಕೆ ಬಂದವಳೇ ನೇರ ಕೆರಿಯಪ್ಪನ ಅಂಗಡಿಗೆ ನಡೆದಳು.

“ಕೆಲಸ ಹಿಡೀತು ಕೆರಿಯಪ್ಪಣ್ಣ. ಆಡಿದ ಮಾತಿನಂಗೆ ಇನ್ನು ಪಂಪು ನಂದು. ಮಾವ ಸಿಕ್ರೆ ನೀವೇ ಹೇಳಿ, ನೀ ಸೋತೆ ಅಂತ.”

ಕೆರಿಯಪ್ಪ ಸ್ಪಾನರ್ ಕೆಳಗಿಟ್ಟು, ಹೇಳಲೋ ಬೇಡವೋ ಎಂದು ತಲೆ ಕೆರೆದುಕೊಂಡ.

“ಆ ಪಂಪಿಗೆ ದುಡ್ಡು ಕೊಟ್ಟು ನಿಂಗೆ ಕೊಡು ಅಂದೋನೇ ನಿನ್ನ ಮಾವ ಕಣಮ್ಮ, ‘ನಾನು ಹೊಗಳಿದ್ರೆ ಅವಳನ್ನ ಒಬ್ಬನೂ ಕರೆಯಲ್ಲ, ಅದಕ್ಕೇ ಊರೂರು ತಿರುಗಿ ಬೈತೀನಿ’ ಅಂದಿದ್ದ.”