ಮೊದಲ ಚಮಚಕ್ಕೇ ಮೊಸರು

"ಸಾಕಮ್ಮಾ, ಅನ್ನದಾತಾ ಸುಖೀಭವ." ಎರಡನೇ ಚಮಚಕ್ಕೇ ಗುಂಡಣ್ಣನವರು ತೊಳೆಯಲು ನೀರು ಹಾಕಲೆಂದು ತಟ್ಟೆಯ ಮೇಲೆ ಕೈ ಚಾಚಿದರು.

ಬನಶಂಕರಿಯ ಆ ವೃದ್ಧರ ಆರೈಕೆ ಕೇಂದ್ರದಲ್ಲಿ ಇಪ್ಪತ್ತು ದಿನಗಳಿಂದ ಅವರದು ಇದೇ ಕಥೆ. ಪಾರ್ಶ್ವವಾಯು ಹೊಡೆದ ಮೇಲೆ ಅಗಿಯಲಾಗುತ್ತಿರಲಿಲ್ಲ. ಎಲ್ಲವನ್ನೂ ನುಣ್ಣಗೆ ರುಬ್ಬಿಯೇ ಕೊಡಬೇಕು. ನೆನಪೂ ಅಷ್ಟಕ್ಕಷ್ಟೆ, ಯಾರದೋ ಮನೆಗೆ ಬಂದಿದ್ದೇನೆ ಅಂದುಕೊಂಡಿದ್ದರು. ಆಗಲೇ ನಾಲ್ಕು ಕೆ.ಜಿ. ಇಳಿದಿದ್ದರು. ಸೋಮವಾರದೊಳಗೆ ಸರಿಯಾಗಿ ತಿನ್ನದಿದ್ದರೆ ಮೂಗಿಗೆ ನಳಿಗೆ ಹಾಕುವುದೇ ಎಂದು ಡಾಕ್ಟರು ಹೇಳಿಯಾಗಿತ್ತು. ಅದನ್ನು ಕೇಳಿದಾಗಿನಿಂದ, ಅಲ್ಲಿ ಊಟದ ಪಟ್ಟಿ ಮಾಡುವ ವಿಭಾ ತಾನೇ ಪಕ್ಕದಲ್ಲಿ ಕೂತು ತಿನ್ನಿಸತೊಡಗಿದ್ದಳು.

ಆದರೆ ಅವಳ ತಲೆ ಕೊರೆಯುತ್ತಿದ್ದದ್ದು ಇನ್ನೊಂದು ವಿಷಯ. ಊಟ ಬೇಡದವರು ಮುಖ ತಿರುಗಿಸುತ್ತಾರೆ, ಉಗುಳುತ್ತಾರೆ, ಬೈಯುತ್ತಾರೆ. ಈ ಪುಣ್ಯಾತ್ಮರು ಹರಸುತ್ತಾರಲ್ಲ!

ತಟ್ಟೆ ಹಿಡಿದು ನೇರ ಅಡುಗೆಮನೆಗೆ ಹೋದಳು. "ಲತಾಮಣಿ ಅಕ್ಕ, ಇದಕ್ಕೆ ಏನೇನ್ ಹಾಕಿದೀರ?"

"ಅನ್ನ, ಸಾರು, ಪಲ್ಯ, ಎರಡು ಸೌಟು ಮೊಸರು. ಮೊಸರು ಬಿದ್ರೆ ನುಣ್ಣಗೆ ಬರತ್ತೆ ಮೇಡಂ. ಹೊಟ್ಟೆಗ್ ಹೋದ್ಮೇಲೆ ಎಲ್ಲಾ ಒಂದೇ ತಾನೇ?"

ವಿಭಾ ತಾನೇ ಒಂದು ಚಮಚ ಬಾಯಿಗಿಟ್ಟಳು. ಸಾರಿನ ಸುಳಿವಿಲ್ಲ, ಪಲ್ಯದ ಪತ್ತೆಯಿಲ್ಲ, ಬರೀ ಮೊಸರು. ಅಯ್ಯೋ ದೇವರೇ! ಅವಳ ಮನೆಯಲ್ಲೂ ಅಷ್ಟೆ, ಜಯನಗರದ ಗುಂಡಣ್ಣನವರ ಮನೆಯಲ್ಲೂ ಅಷ್ಟೆ: ಮೊಸರನ್ನ ಬಂತೆಂದರೆ ಊಟ ಮುಗಿಯಿತು. ಆಮೇಲೆ ಕೈ ತೊಳೆಯುವುದೊಂದೇ ಬಾಕಿ.

ಮರುದಿನ ಮೂರು ಬಟ್ಟಲು ಬಂದವು. ಬೇರೆ ಬೇರೆಯಾಗಿ ರುಬ್ಬಿದ ಸಾರನ್ನ, ಹುಳಿಯನ್ನ, ಕೊನೆಗೆ ಮೊಸರನ್ನ. ವಿಭಾ ಉಸಿರು ಬಿಗಿಹಿಡಿದು ಮೊದಲ ಚಮಚ ಕೊಟ್ಟಳು. ಗುಂಡಣ್ಣನವರು ಚಪ್ಪರಿಸಿದರು. ಸಾರನ್ನ ಖಾಲಿಯಾಯಿತು. ಹುಳಿಯನ್ನಕ್ಕೆ ತಾವೇ ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಲತಾಮಣಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮೊಸರನ್ನವೂ ಮುಗಿದ ಮೇಲೆ ಅವರು ನೆಮ್ಮದಿಯಾಗಿ ಕೈ ಚಾಚಿದರು. ವಿಭಾ ನೀರು ಹಾಕುತ್ತಿದ್ದಂತೆ, ಲತಾಮಣಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

"ಇಷ್ಟು ದಿನ ಬರೀ ಮೊಸರನ್ನ ಬಡಿಸ್ತಿದ್ರಲ್ಲ, ಪಾಪ, ಮನೇಲಿ ಕಷ್ಟ ಇರ್ಬೇಕು ಅಂತ ನಾನೂ ಎರಡೇ ತುತ್ತಿಗೆ ಸಾಕು ಅಂದ್ಬಿಡ್ತಿದ್ದೆ ಕಣಮ್ಮಾ."