ಎರೆಹುಳು ಹೊಕ್ಕ ಮನೆ

ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ, ಎರಡೂ ಮನೆಯ ಹೊಲದ ಮಣ್ಣನ್ನು ತಾಟಿನ ಎರಡು ಬದಿಗೆ ಸುರಿದು, ನಡುವೆ ಎರೆಹುಳು ಬಿಟ್ಟರು. ಅದು ಯಾರ ಮಣ್ಣು ಹೊಕ್ಕರೆ ಆ ಮನೆಯಲ್ಲೇ ಮದುಮಕ್ಕಳ ಸಂಸಾರ. ಊರಿನ ಎಲ್ಲ ಮದುವೆಗಳೂ ಹೀಗೇ. ಹುಳು ಮದುಮಗನ ತಾಯಿ ನೀಲವ್ವನ ಮಣ್ಣಿಗೆ ಮುಖ ತಾಗಿಸಿ, ಹಿಂದೆ ಸರಿದು, ಸೊಸೆಯ ಮಣ್ಣಿನೊಳಗೆ ಇಳಿದುಬಿಟ್ಟಿತು. ಮಗ ಬೀಗರ ಗಾಡಿಗೆ ತನ್ನ ಟ್ರಂಕು ಏರಿಸಿದ.

ನೀಲವ್ವನ ಕಣ್ಣು ತುಂಬಿ ಬಂತು. ಆದರೂ ಸೊಸೆಯ ಮಣ್ಣನ್ನು ಎತ್ತಿ ಮೂಸದೆ ಇರಲಾಗಲಿಲ್ಲ.

“ಇದಕ್ಕ ಏನ್ ಹಾಕ್ತೀರವ್ವಾ?”

“ಏನಿಲ್ರಿ ಅತ್ತಿ. ಕಬ್ಬು ಕಡದ ಮ್ಯಾಲ ಉಳಿಯೂ ಒಣ ಗರಿ, ಆ ರವದಿ ಸುಡಂಗಿಲ್ಲ, ಹೊಲಕ್ಕ ಹೊಚ್ಚತೀವಿ.”

“ಹುಳಾ ಬರಾಕ ಎಷ್ಟ್ ವರ್ಷ ಬೇಕು?”

“ನಾಕೈದು.”

ನೀಲವ್ವ ಹೈಸ್ಕೂಲಿಗೆ ಹೋಗುವ ತನ್ನ ಮಗಳನ್ನೊಮ್ಮೆ ನೋಡಿ, ಗಂಡನತ್ತ ತಿರುಗಿದಳು.

“ಇಕಿ ಲಗ್ನದಾಗ ಅಳಿಯಾನ ನಮ್ಮನಿಗೆ ಬರಬೇಕು. ಇನ್ನ ರವದಿಗೆ ಕಡ್ಡಿ ಕೊರದ್ರ ನೋಡ್ರಿ ಮತ್ತ!”